ಹರಿವು ಮರಳಿದರೆ ಬಲ ಮರಳುವುದೇ?

ಹೃದ್ರೋಗಿಯ ಮುಂದೆ ಕುಳಿತ ವೈದ್ಯರಿಗೆ ಎದುರಾಗುವ ಪ್ರಶ್ನೆಗಳಲ್ಲಿ ಮೂರು ಒಂದಕ್ಕೊಂದು ಬಹಳ ಹತ್ತಿರವಾಗಿ ಕಾಣುತ್ತವೆ: ಹೃದಯಕ್ಕೆ ರಕ್ತ ಒದಗಿಸುವ ನಾಳ ಎಷ್ಟು ಕಿರಿದಾಗಿದೆ, ಹೃದಯದ ಸ್ನಾಯು ಎಷ್ಟು ಬಲವಾಗಿ ರಕ್ತವನ್ನು ಹೊರದೂಡುತ್ತಿದೆ, ಆ ವ್ಯಕ್ತಿ ಇನ್ನೆಷ್ಟು ಕಾಲ ಮತ್ತು ಎಷ್ಟು ನೆಮ್ಮದಿಯಿಂದ ಬದುಕಬಲ್ಲರು. ನಾಳ ಕಿರಿದಾದರೆ ಸ್ನಾಯು ಸೊರಗುತ್ತದೆ, ಸ್ನಾಯು ಸೊರಗಿದರೆ ಆಯುಸ್ಸು ಕುಗ್ಗುತ್ತದೆ, ಆದ್ದರಿಂದ ನಾಳವನ್ನು ತೆರೆದರೆ ಬಲವೂ ಆಯುಸ್ಸೂ ಒಟ್ಟಿಗೇ ಹೆಚ್ಚಬೇಕು ಎಂಬ ತರ್ಕ ಸಹಜವಾದದ್ದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ಹೃದಯ ಚಿಕಿತ್ಸೆಯ ಬಹುಭಾಗ ಈ ತರ್ಕವನ್ನೇ ನೆಚ್ಚಿಕೊಂಡಿತ್ತು. ಆದರೆ ಸಾವಿರಾರು ರೋಗಿಗಳು ಪಾಲ್ಗೊಂಡ ವೈದ್ಯಕೀಯ ಪ್ರಯೋಗಗಳು ಈ ಮೂರು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳತೊಡಗಿದಾಗ, ಒಂದರ ಉತ್ತರದಿಂದ ಇನ್ನೊಂದರ ಉತ್ತರವನ್ನು ಊಹಿಸುವುದು ಎಷ್ಟೋ ಸಲ ತಪ್ಪೆಂದು ಕಂಡುಬಂತು. ನಾಳ, ಸ್ನಾಯು ಮತ್ತು ಆಯುಸ್ಸುಗಳ ನಡುವಿನ ನಂಟು ನಿಜಕ್ಕೂ ಎಂಥದೆಂಬುದನ್ನು ಆ ಪ್ರಯೋಗಗಳ ಹಾದಿಯಲ್ಲಿ ಪರಿಶೀಲಿಸುವುದು ಈ ಅಧ್ಯಾಯದ ಉದ್ದೇಶ.

ಬಿಡುವಿಲ್ಲದ ಸ್ನಾಯುವಿನ ಆಹಾರ

ಹೃದಯದ ಕೋಣೆಗಳಲ್ಲಿ ಸದಾ ರಕ್ತ ತುಂಬಿದ್ದರೂ ಅದರ ದಪ್ಪನೆಯ ಗೋಡೆಗೆ ಆ ರಕ್ತ ನೇರವಾಗಿ ದಕ್ಕುವುದಿಲ್ಲ. ಮಹಾಧಮನಿಯು ಹೃದಯದಿಂದ ಹೊರಡುವ ಜಾಗದಲ್ಲಿ, ಕವಾಟದ ತುಸು ಮೇಲೆ, ಕವಲೊಡೆಯುವ ಎರಡು ನಾಳಗಳು ಹೃದಯದ ಹೊರಮೈಯನ್ನು ಬಳಸಿ ಹರಡಿಕೊಂಡು, ಒಳಕ್ಕಿಳಿಯುವ ಸಣ್ಣ ಕವಲುಗಳ ಮೂಲಕ ಸ್ನಾಯುವನ್ನು ಪೋಷಿಸುತ್ತವೆ. ಇವೇ ಪರಿಧಮನಿಗಳು, ಅಂದರೆ ಕರೋನರಿ ಧಮನಿಗಳು. ದೇಹದ ಉಳಿದ ಅಂಗಗಳಿಗೆ ರಕ್ತ ಮುಖ್ಯವಾಗಿ ಹೃದಯ ಸಂಕುಚಿಸಿದಾಗ ನುಗ್ಗಿದರೆ, ದೇಹಕ್ಕೆಲ್ಲ ರಕ್ತ ಕಳಿಸುವ ಎಡ ಹೃತ್ಕುಕ್ಷಿಗೆ ಮಾತ್ರ ಅದರ ಪಾಲಿನ ಹೆಚ್ಚಿನ ರಕ್ತ ಸಿಗುವುದು ಅದು ಸಡಿಲಗೊಂಡಾಗ, ಏಕೆಂದರೆ ಸಂಕೋಚನದ ವೇಳೆ ಬಿಗಿಯುವ ಸ್ನಾಯು ತನ್ನೊಳಗಿನ ನಾಳಗಳನ್ನು ತಾನೇ ಅದುಮಿಬಿಡುತ್ತದೆ.

ಇನ್ನೊಂದು ವೈಶಿಷ್ಟ್ಯ ಇದಕ್ಕಿಂತಲೂ ಮುಖ್ಯವಾದದ್ದು. ದೇಹ ವಿಶ್ರಾಂತಿಯಲ್ಲಿರುವಾಗ ಇತರ ಅಂಗಗಳು ತಮಗೆ ಬಂದ ರಕ್ತದ ಆಮ್ಲಜನಕದಲ್ಲಿ ಸರಾಸರಿ ಕಾಲು ಭಾಗವನ್ನಷ್ಟೇ ಹೀರಿಕೊಂಡರೆ, ಹೃದಯದ ಸ್ನಾಯು ಸುಮಾರು 70 ಶೇಕಡಾವನ್ನು ಆಗಲೇ ಹೀರಿರುತ್ತದೆ. ಹಾಗಾಗಿ ಮೆಟ್ಟಿಲು ಹತ್ತುವಾಗಲೋ ಹೊರೆ ಹೊರುವಾಗಲೋ ಹೆಚ್ಚುವರಿ ಆಮ್ಲಜನಕ ಬೇಕಾದರೆ, ಇದ್ದ ರಕ್ತದಿಂದಲೇ ಇನ್ನಷ್ಟು ಹಿಂಡಿಕೊಳ್ಳುವ ಅವಕಾಶ ಅದಕ್ಕಿಲ್ಲ. ರಕ್ತದ ಹರಿವೇ ಹೆಚ್ಚಬೇಕು. ಆರೋಗ್ಯವಂತ ಪರಿಧಮನಿಗಳು ವಿಶ್ರಾಂತಿಯಲ್ಲಿ ನಿಮಿಷಕ್ಕೆ ಕಾಲು ಲೀಟರಿನಷ್ಟು ರಕ್ತವನ್ನು ಸಾಗಿಸುತ್ತವೆ, ಅಗತ್ಯ ಬಿದ್ದಾಗ ಅದನ್ನು ನಾಲ್ಕೈದು ಪಟ್ಟು ಏರಿಸಬಲ್ಲವು. ಕೊಬ್ಬು, ಉರಿಯೂತದ ಕೋಶಗಳು ಮತ್ತು ನಾರು ಸೇರಿ ನಾಳದ ಗೋಡೆಯಲ್ಲಿ ಬೆಳೆಯುವ ಪ್ಲಾಕ್ ಎಂಬ ಗಂಟು ಮೊದಲು ಕಸಿದುಕೊಳ್ಳುವುದು ಈ ಮೀಸಲು ಸಾಮರ್ಥ್ಯವನ್ನು. ಅಮೆರಿಕದ ಲಾನ್ಸ್ ಗೌಲ್ಡ್ ಅವರ ತಂಡ 1974ರಲ್ಲಿ ಪ್ರಕಟಿಸಿದ, ನಾಯಿಗಳ ಮೇಲಿನ ಪ್ರಯೋಗಗಳ ಪ್ರಕಾರ, ನಾಳದ ವ್ಯಾಸ ಅರ್ಧದಷ್ಟು ಕಿರಿದಾಗುವ ಹೊತ್ತಿಗೆ ಗರಿಷ್ಠ ಹರಿವು ತಗ್ಗತೊಡಗುತ್ತದೆ, ಆದರೆ ವಿಶ್ರಾಂತಿಯ ಹರಿವು ಕುಗ್ಗುವುದು ವ್ಯಾಸದ 85 ಶೇಕಡಾದಷ್ಟು ಮುಚ್ಚಿಹೋದ ಮೇಲೆಯೇ. ಕುಳಿತಿರುವಾಗ ಏನೂ ಅನಿಸದವರಿಗೆ ವೇಗವಾಗಿ ನಡೆದಾಗ ಎದೆ ಬಿಗಿದಂತಾಗಿ, ನಿಂತ ಕೂಡಲೇ ಅದು ಇಳಿದುಹೋಗುವುದಕ್ಕೆ ಇದೇ ಕಾರಣ. ಆಂಜೈನಾ ಎಂದು ಕರೆಯುವ ಈ ನೋವನ್ನು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲೇ ವಿವರಿಸಿದ್ದರೂ ಅದಕ್ಕೂ ಪರಿಧಮನಿಗಳಿಗೂ ಇರುವ ನಂಟನ್ನು ಅವರು ಗುರುತಿಸಿರಲಿಲ್ಲ.

ಸ್ನಾಯುವಿನ ಬಲವನ್ನು ಅಳೆಯಲು ಬಳಸುವ ಮುಖ್ಯ ಅಂಕಿ ಎಜೆಕ್ಷನ್ ಫ್ರಾಕ್ಷನ್. ಆಸ್ಪತ್ರೆಯ ಮಾತಿನಲ್ಲಿ ಇ.ಎಫ್. ಎಡ ಹೃತ್ಕುಕ್ಷಿ ತುಂಬಿಕೊಂಡಾಗ ಅದರಲ್ಲಿ 120 ಮಿಲಿಲೀಟರ್ ರಕ್ತವಿದ್ದು ಒಂದು ಬಡಿತಕ್ಕೆ 70 ಮಿಲಿಲೀಟರ್ ಹೊರಬಿದ್ದರೆ ಇ.ಎಫ್. ಸುಮಾರು 58 ಶೇಕಡಾ ಎನಿಸುತ್ತದೆ. ಸಾಮಾನ್ಯವಾಗಿ 55ರಿಂದ 70ರವರೆಗಿನ ಮೌಲ್ಯವನ್ನು ಆರೋಗ್ಯದ ಲಕ್ಷಣವೆಂದೂ 40ಕ್ಕಿಂತ ಕಡಿಮೆಯಾದರೆ ಸ್ನಾಯು ದುರ್ಬಲವಾಗಿದೆಯೆಂದೂ ಎಣಿಸುತ್ತಾರೆ. ಎಕೋ ಪರೀಕ್ಷೆಯಲ್ಲಿ ಸುಲಭವಾಗಿ ಸಿಗುವ ಈ ಅಂಕಿ ಒಂದು ಅನುಪಾತ ಮಾತ್ರ ಎಂಬುದನ್ನು ಮರೆಯುವಂತಿಲ್ಲ: ಹಿಗ್ಗಿದ ಹೃತ್ಕುಕ್ಷಿಯೊಂದು 200 ಮಿಲಿಲೀಟರ್ ತುಂಬಿಕೊಂಡು ಅದರ 35 ಶೇಕಡಾವನ್ನಷ್ಟೇ ಹೊರದೂಡಿದರೂ ದೇಹಕ್ಕೆ ಸೇರುವುದು ಅದೇ 70 ಮಿಲಿಲೀಟರ್. ಆದರೂ ಹೃದಯಾಘಾತಕ್ಕೆ ಒಳಗಾದವರಲ್ಲಿ ಮುಂದಿನ ಆಯುಸ್ಸನ್ನು ಅಂದಾಜಿಸಲು ಇ.ಎಫ್.ನಷ್ಟು ನೆರವಾಗುವ ಅಳತೆಗಳು ಕಡಿಮೆ. ಈ ಅಂಕಿಯನ್ನು ಮೇಲೇರಿಸಿದರೆ ಆಯುಸ್ಸೂ ಹೆಚ್ಚೀತು ಎಂಬ ಆಸೆ ಹುಟ್ಟಿದ್ದು ಇಲ್ಲಿಂದಲೇ.

ಚಿತ್ರ ಸಿಕ್ಕಿತು, ಚಿಕಿತ್ಸೆ ಹುಟ್ಟಿತು

ಜೀವಂತ ವ್ಯಕ್ತಿಯ ಪರಿಧಮನಿಗಳು ಕಣ್ಣಿಗೆ ಬೀಳುವವರೆಗೆ ಈ ಊಹೆಗಳೆಲ್ಲ ಶವಪರೀಕ್ಷೆಯ ಮೇಜಿನಾಚೆಗೆ ಹೋಗುವಂತಿರಲಿಲ್ಲ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಅವರು ಮಹಾಧಮನಿಯ ಎಕ್ಸ್‌ರೇ ಚಿತ್ರ ತೆಗೆಯುತ್ತಿದ್ದಾಗ, ನಾಳದೊಳಗೆ ತೂರಿಸಿದ ಕ್ಯಾಥೆಟರ್ ಎಂಬ ತೆಳುವಾದ ಕೊಳವೆಯ ತುದಿ ಆಕಸ್ಮಿಕವಾಗಿ ಬಲ ಪರಿಧಮನಿಯೊಳಕ್ಕೆ ಜಾರಿ, ಎಕ್ಸ್‌ರೇಯಲ್ಲಿ ಗೋಚರಿಸುವ ದ್ರವವೆಲ್ಲ ಅಲ್ಲಿಗೇ ಹರಿಯಿತು. ರೋಗಿ ಬದುಕುಳಿದದ್ದಷ್ಟೇ ಅಲ್ಲ, ಪರಿಧಮನಿಯ ಸ್ಪಷ್ಟ ಚಿತ್ರವೂ ದೊರೆತು, ಇಂದಿನ ಕರೋನರಿ ಆಂಜಿಯೊಗ್ರಾಂ ರೂಢಿಗೆ ಬಂತು. ಅದೇ ಆಸ್ಪತ್ರೆಯಲ್ಲಿ ಅರ್ಜೆಂಟೀನಾ ಮೂಲದ ಶಸ್ತ್ರವೈದ್ಯ ರೆನೆ ಫವಲೋರೊ 1967ರಲ್ಲಿ ಕಾಲಿನ ಅಭಿಧಮನಿಯ ತುಂಡನ್ನು ಬಳಸಿ ಕಿರಿದಾದ ಭಾಗವನ್ನು ದಾಟಿಸುವ ಬೈಪಾಸ್ ಶಸ್ತ್ರಕ್ರಿಯೆಯನ್ನು ಬಳಕೆಗೆ ತಂದರು. ಹತ್ತು ವರ್ಷಗಳ ನಂತರ, 1977ರ ಸೆಪ್ಟೆಂಬರ್ 16ರಂದು, ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಕ್ಯಾಥೆಟರಿನ ತುದಿಗೆ ಕಟ್ಟಿದ ಪುಟ್ಟ ಬಲೂನನ್ನು ಉಬ್ಬಿಸಿ, ಎದೆ ತೆರೆಯದೆಯೇ ಪರಿಧಮನಿಯನ್ನು ಹಿಗ್ಗಿಸಿದರು, ಇದು ಆಂಜಿಯೊಪ್ಲಾಸ್ಟಿ. ಹಿಗ್ಗಿದ ನಾಳ ಮತ್ತೆ ಕುಸಿಯದಂತೆ ಒಳಗೆ ಲೋಹದ ಜಾಲರಿಯನ್ನು, ಅಂದರೆ ಸ್ಟೆಂಟನ್ನು, ಕೂರಿಸುವ ಕ್ರಮ 1986ರಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಸರ್‌ಲ್ಯಾಂಡ್‌ಗಳಲ್ಲಿ ಆರಂಭವಾಯಿತು.

ಚಿಕಿತ್ಸೆಗೆ ಮುನ್ನ ದಾರದಂತೆ ಎಳೆಯಾಗಿದ್ದ ನಾಳ ನಂತರದ ಚಿತ್ರದಲ್ಲಿ ತುಂಬಿಕೊಂಡು ಹರಿಯುವುದನ್ನು ಕಂಡ ಮೇಲೆ ಇನ್ನಾವ ಸಾಕ್ಷ್ಯ ಬೇಕೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ಇಂಥ ನಂಬಿಕೆ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಹೃದ್ರೋಗ ವಿಜ್ಞಾನದ ಬಳಿ ಅದಾಗಲೇ ಒಂದು ಪಾಠವಿತ್ತು. 1950ರ ದಶಕದಲ್ಲಿ, ಎದೆಗೂಡಿನ ಒಳಗೋಡೆಯಲ್ಲಿ ಹರಿಯುವ ಸ್ತನಧಮನಿಯನ್ನು ಕಟ್ಟಿಹಾಕಿದರೆ ಅದರ ರಕ್ತ ಬೇರೆ ದಾರಿ ಹಿಡಿದು ಹೃದಯವನ್ನು ಸೇರೀತೆಂಬ ಊಹೆಯ ಮೇಲೆ ಅನೇಕ ಆಂಜೈನಾ ರೋಗಿಗಳಿಗೆ ಶಸ್ತ್ರಕ್ರಿಯೆ ನಡೆಯುತ್ತಿತ್ತು, ಬಹುಪಾಲು ರೋಗಿಗಳು ನೋವು ಇಳಿಯಿತೆಂದು ಹೇಳುತ್ತಲೂ ಇದ್ದರು. ಸಿಯಾಟಲ್‌ನ ಲೆನರ್ಡ್ ಕಾಬ್ ಅವರ ತಂಡ 1959ರಲ್ಲಿ 17 ರೋಗಿಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. ಅದರಲ್ಲಿ ಎಲ್ಲರಿಗೂ ಚರ್ಮ ಕೊಯ್ದು ಧಮನಿಯನ್ನು ಹೊರಗೆಳೆದರೂ, ಕೆಲವರಲ್ಲಿ ಮಾತ್ರ ಅದನ್ನು ಕಟ್ಟಿ, ಉಳಿದವರ ಗಾಯವನ್ನು ಹಾಗೆಯೇ ಹೊಲಿದುಬಿಡಲಾಗಿತ್ತು, ಯಾರು ಯಾವ ಗುಂಪಿನವರೆಂಬುದು ರೋಗಿಗಳಿಗೆ ತಿಳಿದಿರಲಿಲ್ಲ. ಎರಡೂ ಗುಂಪುಗಳಲ್ಲಿ ನೋವು ಇಳಿದದ್ದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಚಿಕಿತ್ಸೆ ನಡೆದಿದೆ ಎಂಬ ನಂಬಿಕೆಯಿಂದಲೇ ಒದಗುವ ಈ ಉಪಶಮನವನ್ನು ಪ್ಲಸೀಬೊ ಪರಿಣಾಮ ಎನ್ನುತ್ತಾರೆ. ಆ ಫಲಿತಾಂಶ ಹೊರಬಿದ್ದ ಮೇಲೆ ಶಸ್ತ್ರಕ್ರಿಯೆ ಬಳಕೆಯಿಂದ ಮರೆಯಾಯಿತು.

ಚೀಟಿ ಎತ್ತಿ ಹಂಚುವುದೇಕೆ

ವೈದ್ಯರು ತಾವೇ ಆರಿಸಿ ಕೆಲವರಿಗೆ ಬೈಪಾಸ್ ಮಾಡಿ, ಉಳಿದವರಿಗೆ ಔಷಧವನ್ನಷ್ಟೇ ಕೊಟ್ಟರೆ, ಶಸ್ತ್ರಕ್ರಿಯೆಯ ಗುಂಪಿಗೆ ಹೆಚ್ಚು ಗಟ್ಟಿಮುಟ್ಟಾದವರೇ ಸೇರಿಕೊಳ್ಳುವ ಸಾಧ್ಯತೆ ಇರುತ್ತದೆ. ಆಗ ಅವರು ಹೆಚ್ಚು ಕಾಲ ಬದುಕಿದ್ದು ಶಸ್ತ್ರಕ್ರಿಯೆಯಿಂದಲೋ ಮೊದಲೇ ಇದ್ದ ಆರೋಗ್ಯದಿಂದಲೋ ಎಂದು ಬಿಡಿಸಿ ಹೇಳಲಾಗದು. ಚೀಟಿ ಎತ್ತಿದಂತೆ ಅದೃಷ್ಟದ ಮೇಲೆ ಬಿಟ್ಟು ರೋಗಿಗಳನ್ನು ಹಂಚುವ ಯಾದೃಚ್ಛಿಕ ಪ್ರಯೋಗದಲ್ಲಿ, ಗೊತ್ತಿರುವ ವ್ಯತ್ಯಾಸಗಳ ಜೊತೆಗೆ ಗೊತ್ತಿಲ್ಲದ ವ್ಯತ್ಯಾಸಗಳೂ ಎರಡೂ ಕಡೆಗೆ ಸರಿಸುಮಾರು ಸಮನಾಗಿ ಹಂಚಿಹೋಗುವುದರಿಂದ, ಕೊನೆಯಲ್ಲಿ ಕಾಣುವ ಅಂತರಕ್ಕೆ ಚಿಕಿತ್ಸೆಯೇ ಕಾರಣವೆಂದು ಹೇಳುವುದಕ್ಕೆ ಆಧಾರ ಸಿಗುತ್ತದೆ.

1970ರ ದಶಕದಲ್ಲಿ ಹೀಗೆ ನಡೆದ ಮೂರು ದೊಡ್ಡ ಪ್ರಯೋಗಗಳಲ್ಲಿ ಎರಡು ಅಮೆರಿಕದವು, ಒಂದು ಯುರೋಪಿನದು. 780 ರೋಗಿಗಳ ಕಾಸ್ ಎಂಬ ಅಮೆರಿಕದ ಪ್ರಯೋಗ, ಸೌಮ್ಯ ಆಂಜೈನಾ ಇದ್ದವರಲ್ಲಿ ಬೈಪಾಸ್ ಒಟ್ಟಾರೆಯಾಗಿ ಐದು ವರ್ಷಗಳ ಆಯುಸ್ಸನ್ನು ಹೆಚ್ಚಿಸಲಿಲ್ಲವೆಂದು 1983ರಲ್ಲಿ ವರದಿ ಮಾಡಿತು. 768 ಪುರುಷರಿದ್ದ ಯುರೋಪಿನ ಪ್ರಯೋಗದಲ್ಲಿ ಬೈಪಾಸ್ ಮೇಲುಗೈ ಪಡೆಯಿತು. ಬಿಡಿ ಪ್ರಯೋಗಗಳ ಈ ಗೊಂದಲವನ್ನು ತಿಳಿಯಾಗಿಸಲು, ಲಭ್ಯವಿದ್ದ ಏಳು ಪ್ರಯೋಗಗಳ 2649 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 1994ರಲ್ಲಿ ಪ್ರಕಟವಾಯಿತು. ಅದರ ಮೊದಲ ಲೇಖಕ ಸಲೀಂ ಯೂಸುಫ್ ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡ್‌ನಲ್ಲಿ ಸಂಶೋಧನೆಯ ತರಬೇತಿ ಪಡೆದವರು. ಎಡ ಪರಿಧಮನಿಯ ಮುಖ್ಯ ಕಾಂಡವೇ ಕಿರಿದಾದವರಲ್ಲಿ ಮತ್ತು ಮೂರೂ ಪ್ರಮುಖ ನಾಳಗಳಲ್ಲಿ ತಡೆಯಿದ್ದವರಲ್ಲಿ ಬೈಪಾಸ್ ಆಯುಸ್ಸನ್ನು ಸ್ಪಷ್ಟವಾಗಿ ಹೆಚ್ಚಿಸುತ್ತದೆ, ಅಪಾಯ ಕಡಿಮೆಯಿರುವವರಲ್ಲಿ ಲಾಭವೂ ಕಡಿಮೆ ಎಂಬುದು ಅದರ ಸಾರ. ಆ ಪ್ರಯೋಗಗಳ ಕಾಲಕ್ಕೆ ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಔಷಧಗಳು ಇನ್ನೂ ಬಂದಿರಲಿಲ್ಲ, ಆಸ್ಪಿರಿನ್ ಕೂಡ ಎಲ್ಲರಿಗೂ ಸಿಗುತ್ತಿರಲಿಲ್ಲ, ತೀರ ದುರ್ಬಲ ಹೃದಯದವರನ್ನು ಬಹುಮಟ್ಟಿಗೆ ಹೊರಗಿಡಲಾಗಿತ್ತು. ಮುಂದಿನ ಸಂಶೋಧನೆಗೆ ವಸ್ತುವಾದದ್ದು ಈ ಕೊರತೆಗಳೇ.

ಸ್ಥಿರ ಕಾಯಿಲೆ, ಅಸ್ಥಿರ ಗಂಟು

ಮುಂದುವರಿಯುವ ಮುನ್ನ ಒಂದು ಗೆರೆ ಎಳೆಯಬೇಕು. ಪ್ಲಾಕ್ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ನಾಳ ಹಠಾತ್ತನೆ ಮುಚ್ಚಿಹೋಗುವುದೇ ಹೃದಯಾಘಾತ. ಅಲ್ಲಿ ಪ್ರತಿ ನಿಮಿಷವೂ ಸ್ನಾಯು ಸಾಯುತ್ತಿರುತ್ತದೆ, ಆದ್ದರಿಂದ ನಾಳವನ್ನು ಬೇಗನೆ ತೆರೆದರೆ ಜೀವ ಉಳಿಯುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. 1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ 17,187 ರೋಗಿಗಳ ಪ್ರಯೋಗದಲ್ಲಿ, ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಮತ್ತು ಆಸ್ಪಿರಿನ್ ಎರಡನ್ನೂ ಪಡೆದವರಲ್ಲಿ ಐದು ವಾರಗಳೊಳಗಿನ ಹೃದಯ ಮತ್ತು ರಕ್ತನಾಳ ಸಂಬಂಧಿ ಸಾವು 8 ಶೇಕಡಾ, ಎರಡನ್ನೂ ಪಡೆಯದವರಲ್ಲಿ 13.2 ಶೇಕಡಾ ಇತ್ತು. ಇಂದು ಸಾಧ್ಯವಿರುವ ಕಡೆಯಲ್ಲೆಲ್ಲ ಇಂಥ ರೋಗಿಗಳಿಗೆ ತುರ್ತು ಆಂಜಿಯೊಪ್ಲಾಸ್ಟಿಯೇ ಮೊದಲ ಆಯ್ಕೆ. ವಿವಾದವಿದ್ದದ್ದು ಸ್ಥಿರ ಕಾಯಿಲೆಯ ಬಗ್ಗೆ, ಎಂದರೆ ತಿಂಗಳುಗಟ್ಟಲೆ ಒಂದೇ ಬಗೆಯಲ್ಲಿ, ಶ್ರಮ ಪಟ್ಟಾಗ ಮಾತ್ರ ನೋವು ಬರುವವರ ಬಗ್ಗೆ.

ಇಂಥ 2287 ರೋಗಿಗಳನ್ನು ಅಮೆರಿಕ ಮತ್ತು ಕೆನಡಾದ ಕರೇಜ್ ಪ್ರಯೋಗ ಎರಡು ಗುಂಪುಗಳಾಗಿ ಹಂಚಿ, ಎಲ್ಲರಿಗೂ ಉತ್ತಮ ಔಷಧ ಚಿಕಿತ್ಸೆ ಕೊಟ್ಟು, ಒಂದು ಗುಂಪಿಗೆ ಮಾತ್ರ ಆಂಜಿಯೊಪ್ಲಾಸ್ಟಿಯನ್ನೂ ಮಾಡಿತು. 2007ರಲ್ಲಿ ಹೊರಬಿದ್ದ ಫಲಿತಾಂಶದ ಪ್ರಕಾರ ಸುಮಾರು ನಾಲ್ಕೂವರೆ ವರ್ಷಗಳಲ್ಲಿ ಸಾವು ಅಥವಾ ಹೃದಯಾಘಾತಕ್ಕೆ ತುತ್ತಾದವರು ಆಂಜಿಯೊಪ್ಲಾಸ್ಟಿ ಗುಂಪಿನಲ್ಲಿ 19 ಶೇಕಡಾ, ಔಷಧವಷ್ಟೇ ಪಡೆದ ಗುಂಪಿನಲ್ಲಿ 18.5 ಶೇಕಡಾ. ಹೊಸ ಬಗೆಯ ಸ್ಟೆಂಟ್‌ಗಳಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು, ನಿಜಕ್ಕೂ ರಕ್ತದ ಕೊರತೆ ತೀವ್ರವಾಗಿರುವವರನ್ನು ಆರಿಸಿರಲಿಲ್ಲ ಎಂಬ ಆಕ್ಷೇಪಗಳಿಗೆ ಉತ್ತರಿಸಲೆಂದೇ ಭಾರತವೂ ಸೇರಿದಂತೆ 37 ದೇಶಗಳಲ್ಲಿ, 5179 ರೋಗಿಗಳೊಂದಿಗೆ ಇಸ್ಕೀಮಿಯಾ ಪ್ರಯೋಗ ನಡೆಯಿತು. ಒತ್ತಡ ಪರೀಕ್ಷೆಯಲ್ಲಿ ಮಧ್ಯಮ ಅಥವಾ ತೀವ್ರ ಮಟ್ಟದ ರಕ್ತದ ಕೊರತೆ ಕಂಡವರನ್ನೇ ಅದು ಸೇರಿಸಿಕೊಂಡಿತಾದರೂ, 2020ರಲ್ಲಿ ಪ್ರಕಟವಾದ ಅದರ ವರದಿಯಲ್ಲಿ ಸಾವಿನ ಸಂಖ್ಯೆ ಒಂದು ಗುಂಪಿನಲ್ಲಿ 145, ಇನ್ನೊಂದರಲ್ಲಿ 144. ಮುಖ್ಯ ಕಾಂಡದ ತಡೆಯಿದ್ದವರು, ಇ.ಎಫ್. 35ಕ್ಕಿಂತ ಕಡಿಮೆಯಿದ್ದವರು ಮತ್ತು ಔಷಧಕ್ಕೆ ಬಗ್ಗದ ನೋವಿನವರು ಈ ಪ್ರಯೋಗದಲ್ಲಿ ಇರಲಿಲ್ಲ ಎಂಬುದನ್ನು ಇದರೊಂದಿಗೇ ಓದಬೇಕು.

ತಡೆಯನ್ನು ನಿವಾರಿಸಿದರೂ ಆಯುಸ್ಸು ಹೆಚ್ಚದಿರಲು ಕಾರಣವಾದರೂ ಏನು? ಆಂಜಿಯೊಗ್ರಾಂ ತೋರಿಸುವುದು ನಾಳದ ಪೊಳ್ಳನ್ನು, ಗೋಡೆಯೊಳಗಿನ ರೋಗವನ್ನಲ್ಲ. ನಾಳವನ್ನು ತೀರ ಕಿರಿದಾಗಿಸಿದ ಹಳೆಯ ಪ್ಲಾಕ್ ಸಾಮಾನ್ಯವಾಗಿ ಗಟ್ಟಿಯಾದ ನಾರಿನ ಹೊದಿಕೆ ಹೊಂದಿರುತ್ತದೆ. ಮುಂದೆ ಒಡೆಯುವ ಪ್ಲಾಕ್ ಎಷ್ಟೋ ಸಲ ಪೊಳ್ಳನ್ನು ಅಷ್ಟಾಗಿ ಒತ್ತದೆ, ತೆಳುವಾದ ಹೊದಿಕೆಯ ಕೆಳಗೆ ಕೊಬ್ಬು ತುಂಬಿಕೊಂಡು ಬೇರೆಲ್ಲೋ ಕುಳಿತಿರುತ್ತದೆ. ಕೆರೆಯ ಏರಿಯಲ್ಲಿ ಕಣ್ಣಿಗೆ ಬೀಳುವ ದೊಡ್ಡ ಬಿರುಕನ್ನು ಮುಚ್ಚಿದ ಮಾತ್ರಕ್ಕೆ ಉದ್ದಕ್ಕೂ ಮೆತ್ತಗಾದ ಏರಿ ಭದ್ರವಾಗದು, ಹಾಗೆಯೇ ಇದು. ಸ್ಟೆಂಟ್ ಒಂದು ಅಂಗುಲದಷ್ಟು ಜಾಗವನ್ನು ಸರಿಪಡಿಸಿದರೆ, ಸ್ಟ್ಯಾಟಿನ್ ಇಡೀ ನಾಳಜಾಲದ ಪ್ಲಾಕ್‌ಗಳ ಮೇಲೆ ಕೆಲಸ ಮಾಡುತ್ತದೆ. 4444 ರೋಗಿಗಳ ಸ್ಕ್ಯಾಂಡಿನೇವಿಯಾದ ಪ್ರಯೋಗವೊಂದು ಸಿಂವಾಸ್ಟ್ಯಾಟಿನ್ ಸಾವಿನ ಅಪಾಯವನ್ನು 30 ಶೇಕಡಾದಷ್ಟು ತಗ್ಗಿಸಿತೆಂದು 1994ರಲ್ಲೇ ತೋರಿಸಿತ್ತು.

ಹಾಗಾದರೆ ಸ್ಥಿರ ಕಾಯಿಲೆಯಲ್ಲಿ ಆಂಜಿಯೊಪ್ಲಾಸ್ಟಿಯಿಂದ ನೋವಾದರೂ ನೀಗುತ್ತದೆಯೇ ಎಂಬ ಪ್ರಶ್ನೆ ಉಳಿಯಿತು. ಕಾಬ್ ಅವರ ಹಳೆಯ ಉಪಾಯವನ್ನು ಲಂಡನ್ನಿನ ರಶಾ ಅಲ್-ಲಮೀ ಮತ್ತು ಸಂಗಡಿಗರು ಆರ್ಬಿಟಾ ಪ್ರಯೋಗದಲ್ಲಿ ಮತ್ತೆ ಕೈಗೆತ್ತಿಕೊಂಡು, ಎಲ್ಲ 200 ರೋಗಿಗಳನ್ನೂ ಮಂಪರಿನಲ್ಲಿಟ್ಟು ಕ್ಯಾಥೆಟರ್ ತೂರಿಸಿ, ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಸ್ಟೆಂಟ್ ಹಾಕಿದರು. 2017ರ ಆ ಫಲಿತಾಂಶದಲ್ಲಿ, ಆರು ವಾರಗಳ ನಂತರ ಟ್ರೆಡ್‌ಮಿಲ್ ಮೇಲೆ ನಡೆಯುವ ಸಾಮರ್ಥ್ಯದಲ್ಲಿ ಎರಡು ಗುಂಪುಗಳ ನಡುವಿನ ಅಂತರ 16.6 ಸೆಕೆಂಡು ಮಾತ್ರ. ಅದು ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. ಆದರೆ ಆ ರೋಗಿಗಳೆಲ್ಲ ಆಂಜೈನಾಕ್ಕೆ ಹಲವು ಔಷಧಗಳನ್ನು ಸೇವಿಸುತ್ತಿದ್ದವರು. 2023ರ ಆರ್ಬಿಟಾ-2 ಪ್ರಯೋಗದಲ್ಲಿ ಆ ಔಷಧಗಳನ್ನು ನಿಲ್ಲಿಸಿ, 301 ರೋಗಿಗಳನ್ನು ಅದೇ ಕ್ರಮದಲ್ಲಿ ಹಂಚಿದಾಗ, ನಿಜವಾದ ಆಂಜಿಯೊಪ್ಲಾಸ್ಟಿ ಪಡೆದವರಲ್ಲಿ ನೋವು ಸ್ಪಷ್ಟವಾಗಿ ಕಡಿಮೆಯಾಗಿ, ನಡೆಯುವ ಅವಧಿ ಸುಮಾರು ಒಂದು ನಿಮಿಷದಷ್ಟು ಹೆಚ್ಚಿತು. ಸ್ಥಿರ ಕಾಯಿಲೆಯಲ್ಲಿ ಸ್ಟೆಂಟ್ ನೋವಿನ ಚಿಕಿತ್ಸೆಯೇ ಹೊರತು ಆಯುಸ್ಸಿನ ಚಿಕಿತ್ಸೆಯಲ್ಲ ಎಂಬ ತಿಳಿವಳಿಕೆ ಹೀಗೆ ಎರಡು ಕಡೆಯಿಂದಲೂ ಗಟ್ಟಿಯಾಯಿತು.

ಮಲಗಿದ ಸ್ನಾಯುವಿನ ಕಥೆ

ಇಷ್ಟೆಲ್ಲ ಬಲವಾದ ಹೃದಯಗಳ ಮಾತಾಯಿತು. ಪರಿಧಮನಿ ಕಾಯಿಲೆಯಿಂದಲೇ ಸ್ನಾಯು ಸೋತು ಇ.ಎಫ್. 35ಕ್ಕಿಂತ ಕೆಳಗಿಳಿದವರಲ್ಲಿ ನಾಳ ಮತ್ತು ಬಲದ ನಂಟು ಇನ್ನೂ ನೇರವಾಗಿರಬೇಕೆಂದು ನಂಬಲು ಒಳ್ಳೆಯ ಕಾರಣವಿತ್ತು. ಬೈಪಾಸ್ ಆದ ಕೆಲವರಲ್ಲಿ, ಸತ್ತೇಹೋಗಿದೆ ಎಂದುಕೊಂಡಿದ್ದ ಹೃದಯದ ಗೋಡೆ ಮತ್ತೆ ಸಂಕುಚಿಸತೊಡಗಿದ್ದನ್ನು ವೈದ್ಯರು 1970ರ ದಶಕದಿಂದಲೇ ಗಮನಿಸಿದ್ದರು. ಮುಂಬೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಹೃದ್ರೋಗ ತಜ್ಞ ಶಹಬುದ್ದೀನ್ ರಹೀಂತೂಲ 1980ರ ದಶಕದಲ್ಲಿ ಈ ವಿದ್ಯಮಾನಕ್ಕೆ ಸ್ಪಷ್ಟ ರೂಪ ಕೊಟ್ಟರು: ರಕ್ತ ಸಾಲದಿದ್ದಾಗ ಸ್ನಾಯು ಸಾಯುವ ಬದಲು, ಚಳಿಗಾಲದುದ್ದಕ್ಕೂ ಕೆಲವು ಪ್ರಾಣಿಗಳು ನಿದ್ರಿಸುವಂತೆ, ತನ್ನ ಕೆಲಸವನ್ನು ತಗ್ಗಿಸಿಕೊಂಡು ಜೀವ ಹಿಡಿದುಕೊಂಡಿರಬಲ್ಲದು, ಹರಿವು ಮರಳಿದರೆ ಎಚ್ಚರಗೊಳ್ಳಬಲ್ಲದು. ಇದಕ್ಕೆ ಶಿಶಿರನಿದ್ರೆಯ ಸ್ನಾಯು ಎಂಬ ಹೆಸರು ಬಂತು. ಅಂಥ ಸ್ನಾಯು ಎಷ್ಟಿದೆ, ಗಾಯದ ಕಲೆಯಾಗಿ ಮಾರ್ಪಟ್ಟ ಸತ್ತ ಸ್ನಾಯು ಎಷ್ಟಿದೆ ಎಂದು ಬೇರ್ಪಡಿಸಲು ಥ್ಯಾಲಿಯಂ ಸ್ಕ್ಯಾನ್, ಪೆಟ್ ಸ್ಕ್ಯಾನ್, ಡೊಬ್ಯುಟಮಿನ್ ಎಕೋ ಮತ್ತು ಎಂ.ಆರ್.ಐ.ನಂತಹ ಜೀವಂತಿಕೆಯ ಪರೀಕ್ಷೆಗಳು ರೂಪುಗೊಂಡವು. 2002ರಲ್ಲಿ 24 ಅಧ್ಯಯನಗಳ 3088 ರೋಗಿಗಳ ವಿವರಗಳನ್ನು ಒಗ್ಗೂಡಿಸಿದ ವಿಶ್ಲೇಷಣೆಯೊಂದು, ಸ್ನಾಯು ಜೀವಂತವಾಗಿದ್ದು ನಾಳ ತೆರೆಸಿಕೊಂಡವರಲ್ಲಿ ವರ್ಷದ ಸಾವು 3.2 ಶೇಕಡಾ, ಔಷಧದಲ್ಲೇ ಉಳಿದವರಲ್ಲಿ 16 ಶೇಕಡಾ ಎಂದಿತು. ಆದರೆ ಆ ಅಧ್ಯಯನಗಳಲ್ಲಿ ಯಾರಿಗೆ ಯಾವ ಚಿಕಿತ್ಸೆಯೆಂದು ನಿರ್ಧರಿಸಿದ್ದು ವೈದ್ಯರೇ ಹೊರತು ಚೀಟಿಯಲ್ಲ.

ಚೀಟಿಯೆತ್ತಿ ಕೇಳಿದ ಮೊದಲ ದೊಡ್ಡ ಪ್ರಯೋಗ ಸ್ಟಿಚ್. 22 ದೇಶಗಳಲ್ಲಿ, ಇ.ಎಫ್. 35 ಅಥವಾ ಅದಕ್ಕಿಂತ ಕಡಿಮೆಯಿದ್ದ 1212 ರೋಗಿಗಳನ್ನು ಔಷಧವಷ್ಟೇ ಪಡೆಯುವವರು ಮತ್ತು ಔಷಧದ ಜೊತೆ ಬೈಪಾಸ್ ಮಾಡಿಸಿಕೊಳ್ಳುವವರು ಎಂದು ವಿಂಗಡಿಸಿ, ಸರಾಸರಿ 56 ತಿಂಗಳು ಹಿಂಬಾಲಿಸಿದಾಗ, ಸಾವು ಬೈಪಾಸ್ ಗುಂಪಿನಲ್ಲಿ 36 ಶೇಕಡಾ, ಔಷಧದ ಗುಂಪಿನಲ್ಲಿ 41 ಶೇಕಡಾ ಎಂದು 2011ರಲ್ಲಿ ತಿಳಿದುಬಂತು. ಅಂಕಿಅಂಶಗಳ ಲೆಕ್ಕದಲ್ಲಿ ಈ ಅಂತರ ಖಚಿತವೆನ್ನುವಷ್ಟು ದೊಡ್ಡದಾಗಿರಲಿಲ್ಲ. ಶಸ್ತ್ರಕ್ರಿಯೆಯ ಅಪಾಯ ಮೊದಲ ತಿಂಗಳಲ್ಲೇ ಎದುರಾಗುವುದರಿಂದ ಆರಂಭದಲ್ಲಿ ಬೈಪಾಸ್ ಗುಂಪಿನಲ್ಲಿ ಹೆಚ್ಚು ಸಾವುಗಳಿದ್ದವು, ಲಾಭ ಕಾಣಿಸತೊಡಗಿದ್ದು ಎರಡು ವರ್ಷಗಳ ನಂತರ. ಅದೇ ರೋಗಿಗಳನ್ನು ಹತ್ತಿರ ಹತ್ತಿರ ಹತ್ತು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಾವು 58.9 ಮತ್ತು 66.1 ಶೇಕಡಾ ಆಗಿ, ಬೈಪಾಸ್ ಪರವಾದ ವ್ಯತ್ಯಾಸ ಖಚಿತಗೊಂಡಿತು.

ಇಲ್ಲಿಯವರೆಗೆ ಹಳೆಯ ತರ್ಕ ಗೆದ್ದಂತೆಯೇ ತೋರುತ್ತದೆ. ಆದರೆ ಪ್ರಯೋಗದ 601 ರೋಗಿಗಳಲ್ಲಿ ಸ್ನಾಯುವಿನ ಜೀವಂತಿಕೆಯನ್ನೂ ಅಳೆದು ನೋಡಿದ್ದರಿಂದ ಚಿತ್ರ ಬದಲಾಯಿತು. ಬೈಪಾಸ್‌ನ ಲಾಭ ಮಲಗಿದ ಸ್ನಾಯು ಇದ್ದವರಿಗೇ ಹೆಚ್ಚು ಸಿಗಬೇಕಿತ್ತು, ಹಾಗಾಗಲಿಲ್ಲ. ಜೀವಂತ ಸ್ನಾಯು ಇದ್ದವರಲ್ಲಿ ಇ.ಎಫ್. ಏರಿದ್ದು ನಿಜ, ಆದರೆ ಅದು ಬೈಪಾಸ್ ಆದವರಲ್ಲೂ ಔಷಧದ ಗುಂಪಿನಲ್ಲೂ ಏರಿತು, ಇ.ಎಫ್.ನ ಆ ಏರಿಕೆಗೂ ದೀರ್ಘಾಯುಸ್ಸಿಗೂ ನಂಟು ಕಾಣಲಿಲ್ಲವೆಂದು 2019ರ ವಿಶ್ಲೇಷಣೆ ತಿಳಿಸಿತು.

ಬೈಪಾಸ್ ಬದಲು ಆಂಜಿಯೊಪ್ಲಾಸ್ಟಿ ಮಾಡಿದರೆ ಆರಂಭದ ಅಪಾಯವಿಲ್ಲದೆ ಅದೇ ಲಾಭ ಸಿಗಬಹುದೆಂಬ ನಿರೀಕ್ಷೆಯಿಂದ ಬ್ರಿಟನ್ನಿನ 40 ಆಸ್ಪತ್ರೆಗಳಲ್ಲಿ ರಿವೈವ್ಡ್ ಪ್ರಯೋಗ ನಡೆಯಿತು. ಇ.ಎಫ್. 35ಕ್ಕಿಂತ ಹೆಚ್ಚಿಲ್ಲದ, ಜೀವಂತ ಸ್ನಾಯು ಇದೆಯೆಂದು ಪರೀಕ್ಷೆಯಲ್ಲಿ ಖಚಿತವಾದ 700 ರೋಗಿಗಳಲ್ಲಿ, ಸಾವು ಅಥವಾ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದು ಆಂಜಿಯೊಪ್ಲಾಸ್ಟಿ ಗುಂಪಿನಲ್ಲಿ 37.2 ಶೇಕಡಾ, ಔಷಧದ ಗುಂಪಿನಲ್ಲಿ 38 ಶೇಕಡಾ ಎಂದು 2022ರಲ್ಲಿ ವರದಿಯಾಯಿತು. ಆರು ತಿಂಗಳು ಮತ್ತು ಒಂದು ವರ್ಷದ ಕೊನೆಯ ಇ.ಎಫ್. ಅಳತೆಯಲ್ಲೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಮುಂದಿನ ವರ್ಷ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಈ ರೋಗಿಗಳ ಭವಿಷ್ಯದೊಂದಿಗೆ ನಂಟು ತೋರಿದ್ದು ಗಾಯದ ಕಲೆಯ ವಿಸ್ತಾರವೇ ಹೊರತು ಮಲಗಿದ ಸ್ನಾಯುವಿನ ಪ್ರಮಾಣವಲ್ಲ.

ಲಾಭದ ದಾರಿ ಬೇರೆಯೇ?

ಬೈಪಾಸ್ ಆಯುಸ್ಸು ಹೆಚ್ಚಿಸಿಯೂ ಸ್ನಾಯುವಿನ ಬಲವನ್ನು ವಿಶೇಷವಾಗಿ ಹೆಚ್ಚಿಸದಿದ್ದರೆ ಅದರ ಲಾಭ ಬೇರೆ ದಾರಿಯಿಂದ ಬಂದಿರಬೇಕು. ಹೆಚ್ಚು ಸಂಭವನೀಯ ವಿವರಣೆಯೆಂದರೆ, ಹೊಸ ನಾಳ ಪರಿಧಮನಿಯ ಕೆಳಭಾಗಕ್ಕೆ ಹೋಗಿ ಕೂಡುವುದರಿಂದ, ಅದಕ್ಕೂ ಮೇಲೆ ಮುಂದೊಂದು ದಿನ ಯಾವ ಪ್ಲಾಕ್ ಒಡೆದರೂ ಆ ಭಾಗದ ಸ್ನಾಯುವಿಗೆ ರಕ್ತ ನಿಲ್ಲುವುದಿಲ್ಲ; ಸ್ಟೆಂಟ್ ತಾನಿರುವ ಜಾಗವನ್ನು ಮಾತ್ರ ಕಾಯುತ್ತದೆ. ಈಗಾಗಲೇ ದುರ್ಬಲವಾದ ಹೃದಯ ಇನ್ನೊಂದು ಆಘಾತವನ್ನು ತಾಳಿಕೊಳ್ಳಲಾರದು, ಆದ್ದರಿಂದ ಮುಂದಿನ ಆಘಾತವನ್ನು ತಡೆಯುವುದೇ ಅಲ್ಲಿ ದೊಡ್ಡ ಗಳಿಕೆ. ಆದರೂ ಸ್ಟಿಚ್ ಮತ್ತು ರಿವೈವ್ಡ್ ಪ್ರಯೋಗಗಳ ನಡುವೆ ರೋಗಿಗಳ ವಯಸ್ಸು, ಲಭ್ಯವಿದ್ದ ಔಷಧಗಳು, ಗಮನಿಸಿದ ಅವಧಿ ಎಲ್ಲವೂ ಬೇರೆ ಬೇರೆಯಾಗಿರುವುದರಿಂದ ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಬೈಪಾಸೇ ಮೇಲೆಂದು ತೀರ್ಪು ಕೊಡುವಂತಿಲ್ಲ. ದುರ್ಬಲ ಹೃದಯದವರಲ್ಲಿ ಎರಡನ್ನೂ ನೇರವಾಗಿ ಹೋಲಿಸುವ ಯಾದೃಚ್ಛಿಕ ಪ್ರಯೋಗಗಳೇ ಇದನ್ನು ಇತ್ಯರ್ಥಗೊಳಿಸಬೇಕು.

ಒಂದು ಪ್ರಯೋಗದ ಒಳಗೇ ಚಿಕ್ಕ ಚಿಕ್ಕ ಗುಂಪುಗಳನ್ನು ಮಾಡಿ ಲಾಭ ಹುಡುಕುವಾಗಲೂ ಇಷ್ಟೇ ಎಚ್ಚರ ಬೇಕು. ಐಸಿಸ್-2ರ ಸಂಶೋಧಕರು ರೋಗಿಗಳನ್ನು ಜನ್ಮರಾಶಿಯ ಪ್ರಕಾರ ವಿಂಗಡಿಸಿ, ಒಟ್ಟಾರೆ ಜೀವ ಉಳಿಸಿದ ಆಸ್ಪಿರಿನ್ ಮಿಥುನ ಮತ್ತು ತುಲಾ ರಾಶಿಯವರಿಗೆ ಮಾತ್ರ ತುಸು ಹಾನಿ ಮಾಡಿದಂತೆ ಕಾಣುತ್ತದೆಂದು ಬೇಕೆಂದೇ ಪ್ರಕಟಿಸಿದ್ದು, ಇಂಥ ತುಂಡುಲೆಕ್ಕಗಳು ಎಷ್ಟು ಸುಲಭವಾಗಿ ಮೋಸಗೊಳಿಸುತ್ತವೆ ಎಂದು ತೋರಿಸಲಿಕ್ಕಾಗಿ.

ಅಳತೆ ಸುಧಾರಿಸಿದರೆ ರೋಗಿಯೂ ಸುಧಾರಿಸುತ್ತಾರೆ ಎಂಬ ನಂಬಿಕೆಗೆ ಇನ್ನೂ ಕಠೋರವಾದ ಪೆಟ್ಟು ಬಿದ್ದದ್ದು ಕಾಸ್ಟ್ ಪ್ರಯೋಗದಲ್ಲಿ. ಹೃದಯಾಘಾತದ ನಂತರ ಇಸಿಜಿಯಲ್ಲಿ ಕಾಣುವ ಅಕಾಲಿಕ ಬಡಿತಗಳು ಸಾವಿನ ಮುನ್ಸೂಚನೆಯಾದ್ದರಿಂದ ಅವನ್ನು ಅಡಗಿಸುವ ಔಷಧಗಳು ಜೀವ ಉಳಿಸಬೇಕೆಂದು ಎಣಿಸಲಾಗಿತ್ತು. ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಆ ಬಡಿತಗಳನ್ನು ಅಡಗಿಸಿದವು ಕೂಡ, ಆದರೆ 1498 ರೋಗಿಗಳಲ್ಲಿ ಔಷಧ ಪಡೆದವರ ಪೈಕಿ 63, ಪ್ಲಸೀಬೊ ಪಡೆದವರ ಪೈಕಿ 26 ಮಂದಿ ತೀರಿಕೊಂಡರು. ಬೀಟಾ ಬ್ಲಾಕರ್‌ಗಳದು ಇದಕ್ಕೆ ತದ್ವಿರುದ್ಧವಾದ ಕಥೆ: ಹೃದಯದ ವೇಗ ಮತ್ತು ಬಿಗಿತವನ್ನು ತಗ್ಗಿಸುವ ಇವನ್ನು ದುರ್ಬಲ ಹೃದಯಕ್ಕೆ ಕೊಡಲೇಬಾರದೆಂದು ಪಠ್ಯಗಳು ಹೇಳುತ್ತಿದ್ದ ಕಾಲದಲ್ಲಿ, ಸ್ವೀಡನ್ನಿನ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು 1975ರಲ್ಲಿ ಕೆಲವೇ ರೋಗಿಗಳಲ್ಲಿ ಅವುಗಳ ಪ್ರಯೋಜನವನ್ನು ವರದಿ ಮಾಡಿದರು, 1999ರಲ್ಲಿ ಬಂದ ಎರಡು ದೊಡ್ಡ ಪ್ರಯೋಗಗಳು ಅವು ಸಾವಿನ ಅಪಾಯವನ್ನು ಮೂರನೆಯ ಒಂದು ಭಾಗದಷ್ಟು ಕುಗ್ಗಿಸುತ್ತವೆಂದು ಸ್ಥಾಪಿಸಿದವು. ಒಂದೆಡೆ ತರ್ಕಕ್ಕೆ ಒಪ್ಪಿದ ಔಷಧ ಕೊಂದಿತು, ಇನ್ನೊಂದೆಡೆ ತರ್ಕಕ್ಕೆ ಒಪ್ಪದ ಔಷಧ ಉಳಿಸಿತು.

ಸಾಕ್ಷ್ಯದಿಂದ ರೋಗಿಯವರೆಗೆ

ಯಾವ ಚಿಕಿತ್ಸೆ ಕೆಲಸ ಮಾಡುತ್ತದೆಂದು ತಿಳಿದ ಮಾತ್ರಕ್ಕೆ ಅದು ರೋಗಿಗೆ ತಲುಪಿತೆಂದು ಅರ್ಥವಲ್ಲ ಎಂಬುದನ್ನು ದಾಖಲಿಸಿದ ಅಧ್ಯಯನಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡೆನಿಸ್ ಝೇವಿಯರ್, ಪ್ರೇಂ ಪೈಸ್ ಮತ್ತಿತರರ ಕ್ರಿಯೇಟ್ ಮುಖ್ಯವಾದದ್ದು. ಭಾರತದ 50 ನಗರಗಳ 89 ಆಸ್ಪತ್ರೆಗಳಿಗೆ ಹೃದಯಾಘಾತ ಅಥವಾ ಅದಕ್ಕೆ ಸಮೀಪದ ಸ್ಥಿತಿಯಲ್ಲಿ ಬಂದ 20,468 ರೋಗಿಗಳನ್ನು ಒಳಗೊಂಡ ಈ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ನಾಳ ಪೂರ್ತಿ ಮುಚ್ಚಿದ ಬಗೆಯ ಹೃದಯಾಘಾತದವರು ನೋವು ಆರಂಭವಾದ ಮೇಲೆ ಆಸ್ಪತ್ರೆ ತಲುಪಲು ತೆಗೆದುಕೊಂಡ ಮಧ್ಯಮಾನ ಅವಧಿ 300 ನಿಮಿಷ, ಎಂದರೆ ಐದು ಗಂಟೆ. ಉಳಿಸಬಹುದಾಗಿದ್ದ ಸ್ನಾಯುವಿನ ಬಹುಭಾಗ ಅಷ್ಟರಲ್ಲಿ ಗಾಯದ ಕಲೆಯಾಗುವ ಹಾದಿ ಹಿಡಿದಿರುತ್ತದೆ. ಮೂವತ್ತು ದಿನಗಳೊಳಗಿನ ಸಾವು ಬಡವರಲ್ಲಿ 8.2 ಶೇಕಡಾ, ಸಿರಿವಂತರಲ್ಲಿ 5.5 ಶೇಕಡಾ ಇತ್ತು. ಅವರಿಗೆ ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಅಳಿಸಿಹೋಯಿತು. ಬಡವರ ಹೆಚ್ಚಿನ ಸಾವಿಗೆ ಕಾರಣ ಅವರ ಹೃದಯವಲ್ಲ, ಅವರಿಗೆ ಒದಗದ ಚಿಕಿತ್ಸೆ ಎಂದೇ ಇದನ್ನು ಓದಬೇಕಾಗುತ್ತದೆ.

ಇಲ್ಲಿಗೆ ಆರಂಭದ ಮೂರು ಪ್ರಶ್ನೆಗಳಿಗೆ ಸಿಕ್ಕಿರುವ ಉತ್ತರಗಳು ಒಂದೇ ಬಗೆಯವಲ್ಲ. ಹೃದಯಾಘಾತದ ಗಳಿಗೆಯಲ್ಲಿ ನಾಳ, ಸ್ನಾಯು ಮತ್ತು ಆಯುಸ್ಸು ಒಂದೇ ಎಳೆಯಲ್ಲಿ ಕಟ್ಟಿಕೊಂಡಿರುತ್ತವೆ, ಅಲ್ಲಿ ನಾಳ ತೆರೆಯುವುದೇ ಎಲ್ಲವೂ ಆಗಿರುತ್ತದೆ. ಸ್ಥಿರ ಕಾಯಿಲೆಯಲ್ಲಿ ನಾಳ ತೆರೆಯುವುದು ನೋವಿಗೆ ಮದ್ದು, ಆಯುಸ್ಸನ್ನು ಕಾಯುವುದು ಬಹುಮಟ್ಟಿಗೆ ಔಷಧ ಮತ್ತು ತಂಬಾಕಿಲ್ಲದ ಬದುಕು. ಮುಖ್ಯ ಕಾಂಡದ ತಡೆಯಂತಹ ಸಂದರ್ಭಗಳು ಮಾತ್ರ ಇದಕ್ಕೆ ಹೊರತು. ಸೋತ ಹೃದಯದಲ್ಲಿ ಬೈಪಾಸ್ ವರ್ಷಗಳ ನಂತರ ಫಲ ಕೊಡುತ್ತದೆ, ಆದರೆ ಅದು ಮಲಗಿದ ಸ್ನಾಯುವನ್ನು ಎಬ್ಬಿಸಿದ ಫಲವೆಂಬುದಕ್ಕೆ ಪ್ರಯೋಗಗಳ ಬೆಂಬಲವಿಲ್ಲ. ಆದ್ದರಿಂದ ವರದಿಯಲ್ಲಿ 80 ಶೇಕಡಾ ಬ್ಲಾಕ್ ಎಂದು ಕಂಡಾಗ ರೋಗಿಯೂ ಮನೆಯವರೂ ವೈದ್ಯರ ಮುಂದಿಡಬೇಕಾದ ಪ್ರಶ್ನೆ ಅದನ್ನು ತೆರೆಯಬಹುದೇ ಎಂಬುದಲ್ಲ, ಏಕೆಂದರೆ ಇಂದಿನ ತಂತ್ರಜ್ಞಾನದಲ್ಲಿ ಬಹುತೇಕ ತೆರೆಯಬಹುದು. ತೆರೆದರೆ ಬದಲಾಗುವುದು ನೋವೇ, ಬಲವೇ, ಆಯುಸ್ಸೇ ಎಂಬುದು.